ಹಗೇವಿನಿಂದ ಪಡಿತರ ಚೀಟಿಗೆ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಹುಣಸೂರು ತಾಲ್ಲೂಕನ್ನು ಹಾದು ಕಾವೇರಿಯನ್ನು ಸೇರುವ ಲಕ್ಷ್ಮಣತೀರ್ಥ ನದಿಗೆ ಹನಗೋಡಿನ ಬಳಿ ಒಂದು ಅಣೆಕಟ್ಟೆ ಇದೆ. ಅದರ ನಾಲೆಯ ನೀರು ಹರಿಯುವಲ್ಲಿ ಭತ್ತದ ಗದ್ದೆಗಳಿವೆ. ನೀರು ಏರದ ಕಡೆ ಮಳೆಯನ್ನೇ ನಂಬಿದ ಹೊಲಗಳಿವೆ. ಸ್ವಲ್ಪ ದೂರ ಹೋದರೆ ನಾಗರಹೊಳೆಯ ಕಾಡು ಆರಂಭವಾಗುತ್ತದೆ. ಹನಗೋಡು ಹೋಬಳಿಯಲ್ಲೂ, ಪಕ್ಕದ ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲೂ ಬೇಸಾಯಗಾರರ ಮುಖ್ಯ ಆಹಾರ ಬಹುಕಾಲ ರಾಗಿಯೇ ಆಗಿತ್ತು. ಹಬ್ಬಹುಣ್ಣಿಮೆಗಳಲ್ಲಿ ಅನ್ನ, ಉಳಿದ ದಿನಗಳಲ್ಲಿ ಮುದ್ದೆ. ಜೊತೆಗೆ ಹೊಲದ ಬದುವಿನ ಸೊಪ್ಪು, ಹುರುಳಿ ಅಥವಾ ಅವರೆಕಾಳಿನ ಸಾರು. ಉಪ್ಪು, ಬೆಲ್ಲ, ಸೀಮೆಎಣ್ಣೆಗಳ ಹೊರತು ಅಂಗಡಿಯ ಕಡೆಗೆ ಮುಖ ಮಾಡಬೇಕಾದ ಪ್ರಸಂಗಗಳು ಕಡಿಮೆ.

ಆ ಕಾಲದಲ್ಲಿ ಮನೆಯ ಉಳಿತಾಯವೆಂದರೆ ನೆಲದೊಳಗಿನ ಹಗೇವು. ಗಟ್ಟಿಯಾದ ಒಣನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ತೋಡಿದ ಗುಂಡಿ ಅದು. ಸುಗ್ಗಿಯ ರಾಗಿಯನ್ನು ಅದರಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಹಾಸಿ, ಮಣ್ಣು ಮುಚ್ಚುತ್ತಿದ್ದರು. ರಾಗಿಗೆ ಹುಳು ಬೀಳುವುದು ಅಪರೂಪ. ವರ್ಷಗಟ್ಟಲೆ ಇಟ್ಟರೂ ಅದು ಕೆಡದು. ಎರಡು ಮಳೆಗಾಲ ಕೈಕೊಟ್ಟರೂ ಹಗೇವು ತುಂಬಿದ್ದ ಮನೆಯವರು ಊರು ಬಿಡುತ್ತಿರಲಿಲ್ಲ. ಹಗೇವನ್ನು ತೆರೆಯುವುದಕ್ಕೂ ಒಂದು ಕ್ರಮವಿತ್ತು. ಚಪ್ಪಡಿ ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಹುದಿನ ಮುಚ್ಚಿದ್ದ ಗುಂಡಿಯಲ್ಲಿ ಉಸಿರುಗಟ್ಟಿಸುವ ಕೆಟ್ಟ ಗಾಳಿ ತುಂಬಿರುತ್ತದೆ. ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರೂ ಉಂಟು.

ಹಗೇವಿನಿಂದ ಮೇಲೆ ಬಂದ ರಾಗಿ ಮನೆಯೊಳಗಿನ ವಾಡೆಯನ್ನು ಸೇರಿದ ಮೇಲೆ ಅದರ ಅಧಿಕಾರವೆಲ್ಲ ಮನೆಯ ಯಜಮಾನಿಯದು. ಎಷ್ಟು ಸೇರು ಬೀಸಬೇಕು, ಮುಂದಿನ ಬಿತ್ತನೆಗೆ ಎಷ್ಟು ತೆಗೆದಿಡಬೇಕು, ಕೂಲಿಯವರಿಗೆ ಎಷ್ಟು ಅಳೆಯಬೇಕು, ಕಷ್ಟವೆಂದು ಬಂದ ನೆರೆಮನೆಗೆ ಎಷ್ಟು ಕಡ ಕೊಡಬಹುದು ಎಂಬುದನ್ನೆಲ್ಲ ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಅಕ್ಷರ ಬಾರದ ಹೆಂಗಸಿಗೂ ಮುಂದಿನ ಸುಗ್ಗಿಯವರೆಗೆ ಎಷ್ಟು ಹೊತ್ತಿನ ಊಟವಿದೆಯೆಂಬುದು ತಿಳಿದಿರುತ್ತಿತ್ತು. ವಾಡೆಯೊಳಗೆ ಕೈ ಇಳಿಸಿದರೆ ಸಾಕು, ರಾಗಿ ಮೊಳಕೈಗೆ ಮುಟ್ಟಿತೋ ಮಣಿಕಟ್ಟಿಗೆ ಮುಟ್ಟಿತೋ ಎಂಬುದೇ ಆಕೆಯ ಲೆಕ್ಕದ ಪುಸ್ತಕ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಅಳಿಯಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪು ಮಣ್ಣು ಹೊಗೆಸೊಪ್ಪಿಗೆ ಹೇಳಿ ಮಾಡಿಸಿದಂತಿದೆಯೆಂಬುದು ಗೊತ್ತಾದ ಮೇಲೆ ಹೊಲಗಳ ರೂಪ ಮೆಲ್ಲಮೆಲ್ಲನೆ ಬದಲಾಯಿತು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಕಟ್ಟೆಗಳು ಆರಂಭವಾದವು. ಮುಂಗಾರಿನ ಮೊದಲ ಮಳೆಗೆ ಹೊಗೆಸೊಪ್ಪಿನ ಸಸಿ ನೆಟ್ಟು, ಎಲೆ ಮುರಿದು, ಬ್ಯಾರನ್ನಿನಲ್ಲಿ ಬೇಯಿಸಿ, ಹದ ಮಾಡಿ, ಹರಾಜಿಗೆ ಒಯ್ಯುವುದು ವರ್ಷದ ಮುಖ್ಯ ಕೆಲಸವಾಯಿತು. ರಾಗಿ ಮಾಯವಾಗಲಿಲ್ಲ, ಆದರೆ ಅನೇಕ ಹೊಲಗಳಲ್ಲಿ ಅದು ಹೊಗೆಸೊಪ್ಪು ತೆಗೆದ ಮೇಲೆ ಚೆಲ್ಲುವ ಎರಡನೆಯ ಬೆಳೆಯಾಯಿತು. ಊಟದ ಬೆಳೆ ಹಿಂದೆ ಸರಿದು ಹಣದ ಬೆಳೆ ಮುಂದೆ ಬಂತು. ಬೇಳೆ, ಎಣ್ಣೆ, ಅಕ್ಕಿ, ಕಡೆಗೆ ಹಿಟ್ಟು ಕೂಡ ಅಂಗಡಿಯಿಂದ ಬರತೊಡಗಿದವು.

ಹಣದ ಬೆಳೆಯ ಕಷ್ಟವೊಂದಿದೆ. ಹಣ ಬರುವುದು ಹರಾಜಿನ ನಾಲ್ಕೈದು ತಿಂಗಳುಗಳಲ್ಲಿ. ಹೊಟ್ಟೆಗೆ ಬೇಕಾಗುವುದು ಹನ್ನೆರಡು ತಿಂಗಳೂ. ನಡುವಿನ ಕಾಲವನ್ನು ದಾಟಿಸುವುದು ಅಂಗಡಿಯ ಉದ್ದರಿ. ಅಂಗಡಿಯವನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಕೊಂಡವರು ಬರೆದುಕೊಳ್ಳುವುದಿಲ್ಲ. ಹರಾಜಿನ ಹಣ ಬಂದ ದಿನ ಪುಸ್ತಕ ತೆರೆದಾಗ ಅವನು ಹೇಳಿದ್ದೇ ಲೆಕ್ಕ. ಇದರಿಂದ ಅಂಗಡಿಯವನನ್ನು ಕಟುಕನೆಂದು ತಿಳಿಯಬೇಕಾಗಿಲ್ಲ. ಅವನ ಬಂಡವಾಳವೂ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ. ಎಷ್ಟೋ ಬಾಕಿಗಳು ವಸೂಲಾಗುವುದೇ ಇಲ್ಲ. ಆ ನಷ್ಟವನ್ನೂ ಬಡ್ಡಿಯನ್ನೂ ಅವನು ಪದಾರ್ಥದ ಬೆಲೆಯಲ್ಲಿ ಸೇರಿಸುತ್ತಾನೆ. ಕೇಳುವವರಿಗೆ ಬಡ್ಡಿಯ ಮಾತು ಕಿವಿಗೆ ಬೀಳುವುದಿಲ್ಲ. ಬೇಳೆಯ ಬೆಲೆಯಲ್ಲಿ ಅದು ಅಡಗಿರುತ್ತದೆ. ಹುಣಸೂರು ತಾಲ್ಲೂಕಿನವರೇ ಆದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, 1976ರಲ್ಲಿ, ಸಣ್ಣ ಹಿಡುವಳಿದಾರರನ್ನೂ ಭೂಹೀನ ಕೃಷಿಕಾರ್ಮಿಕರನ್ನೂ ಹಳೆಯ ಸಾಲಗಳಿಂದ ಬಿಡಿಸಲು ಋಣ ಪರಿಹಾರ ಕಾಯಿದೆ ಬಂದಿತು. ಹಳೆಯ ಸಾಲವನ್ನು ಕಾಯಿದೆ ಅಳಿಸಬಲ್ಲದು. ಮುಂದಿನ ತಿಂಗಳ ಬೇಳೆಯನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದಿದ್ದರೆ ಹೊಸ ಸಾಲ ಹುಟ್ಟುವುದನ್ನು ತಡೆಯಲಾರದು.

ಹಗೇವು ಬರಿದಾದ ಮನೆಗೆ ಅದರ ಸ್ಥಾನದಲ್ಲಿ ಬಂದುದು ಒಂದು ಕಾಗದ: ಪಡಿತರ ಚೀಟಿ. ‘ಪಡಿತರ’ ಹೊಸ ಮಾತಲ್ಲ. ದೇವಸ್ಥಾನಗಳ ನಿತ್ಯದ ಪೂಜೆಗೂ ನೈವೇದ್ಯಕ್ಕೂ ಗೊತ್ತುಮಾಡಿದ ಅಕ್ಕಿ, ಬೇಳೆ, ಎಣ್ಣೆಗಳ ಅಳತೆಗೆ ನಮ್ಮ ನಾಡಿನಲ್ಲಿ ಆ ಹೆಸರು ಹಿಂದಿನಿಂದಲೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮನುಷ್ಯರ ಪಾಲಿಗೂ ಬಂದಿತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಘೋರ ಕ್ಷಾಮ ತಲೆದೋರಿ ಲಕ್ಷಾಂತರ ಜನ ಸತ್ತರು. ಆಗ ಧಾನ್ಯ ಪೂರ್ತಿಯಾಗಿ ಇಲ್ಲದಿರಲಿಲ್ಲ. ಕೊಳ್ಳುವ ಶಕ್ತಿ ಇಲ್ಲದವನ ಮನೆಗೆ ಅದು ಹೋಗುತ್ತಿರಲಿಲ್ಲ. ದಾಸ್ತಾನು ಇದ್ದರಷ್ಟೇ ಸಾಲದು, ಅದನ್ನು ಹಂಚುವ ಕ್ರಮವೂ ಇರಬೇಕೆಂಬುದು ಆ ಕ್ಷಾಮದಿಂದ ಎಲ್ಲರಿಗೂ ಮನದಟ್ಟಾಯಿತು.

ಸ್ವಾತಂತ್ರ್ಯಾನಂತರ 1954ರಲ್ಲಿ ಆಹಾರ ನಿಯಂತ್ರಣವನ್ನು ತೆಗೆದುಹಾಕಲಾಯಿತಾದರೂ ಅಭಾವ ಮರುಕಳಿಸಿದಾಗ ನ್ಯಾಯಬೆಲೆ ಅಂಗಡಿಗಳನ್ನು ಮತ್ತೆ ತೆರೆಯಬೇಕಾಯಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪಿತವಾಯಿತು. 1997ರಿಂದ ಬಡತನದ ರೇಖೆಯ ಕೆಳಗಿನವರಿಗೆ ಬೇರೆ ಚೀಟಿ, ಮೇಲಿನವರಿಗೆ ಬೇರೆ ಚೀಟಿ ಎಂದಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಇದನ್ನು ಹಕ್ಕಿನ ಮಟ್ಟಕ್ಕೆ ಏರಿಸಿತು. ಆದ್ಯತೆಯ ಕುಟುಂಬದ ಪ್ರತಿಯೊಬ್ಬನಿಗೂ ತಿಂಗಳಿಗೆ 5 ಕಿಲೋಗ್ರಾಂ ಧಾನ್ಯ. ಕಡುಬಡವರ ಅಂತ್ಯೋದಯ ಚೀಟಿಗೆ ಒಟ್ಟು 35 ಕಿಲೋಗ್ರಾಂ. ಅದೇ ಕಾಯಿದೆಯ ಇನ್ನೊಂದು ನಿಯಮ ಗಮನಾರ್ಹವಾಗಿದೆ. 18 ವರ್ಷ ತುಂಬಿದ ಹೆಂಗಸರಲ್ಲಿ ಹಿರಿಯಳಾದವಳೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ವಾಡೆಯ ಯಜಮಾನಿಗೆ ಹೀಗೆ ಕಾನೂನಿನಲ್ಲೂ ಸ್ಥಾನ ದೊರೆಯಿತು. ಕರ್ನಾಟಕ ಸರ್ಕಾರವು 2013ರ ಜುಲೈ ತಿಂಗಳಲ್ಲಿ ಕಿಲೋ ಒಂದಕ್ಕೆ ಒಂದು ರೂಪಾಯಿಯಂತೆ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆಯನ್ನು ಆರಂಭಿಸಿತು. 2015ರ ಮೇ ತಿಂಗಳಿಂದ ಆ ಒಂದು ರೂಪಾಯಿಯನ್ನೂ ಬಿಟ್ಟಿತು. ರಾಗಿ ಉಣ್ಣುವ ದಕ್ಷಿಣ ಜಿಲ್ಲೆಗಳಲ್ಲಿ ಅಕ್ಕಿಯ ಜೊತೆಗೆ ರಾಗಿಯನ್ನೂ ಹಂಚುವುದುಂಟು.

ಚೀಟಿಯ ಇತಿಹಾಸವನ್ನು ಹೇಳುವಾಗ ಕೂಪನ್ನಿನ ಮಾತೂ ಬರುತ್ತದೆ. ಲೋಕದಲ್ಲಿ ಎರಡು ಬಗೆಯ ಕೂಪನ್ನುಗಳಿವೆ. ಒಂದು ಬಗೆಯದು ವ್ಯಾಪಾರಿಯದು. ಅಮೆರಿಕದಲ್ಲಿ ಕೋಕಾ-ಕೋಲಾ ಪಾನೀಯದ ಮಾಲೀಕರು 19ನೆಯ ಶತಮಾನದ ಕೊನೆಯಲ್ಲಿ ಒಂದು ಲೋಟ ಪಾನೀಯವನ್ನು ಬಿಟ್ಟಿಯಾಗಿ ಪಡೆಯುವ ಚೀಟಿಗಳನ್ನು ಹಂಚಿ ಗಿರಾಕಿಗಳನ್ನು ಸೆಳೆದರು. ಮುಂದೆ ಪತ್ರಿಕೆಗಳಲ್ಲಿ ಅಚ್ಚಾದ ಇಂಥ ಚೀಟಿಗಳನ್ನು ಕತ್ತರಿಸಿ, ಪದಾರ್ಥವಾರು ವಿಂಗಡಿಸಿ, ಅವಧಿ ಮುಗಿಯುವ ದಿನಾಂಕದಂತೆ ಜೋಡಿಸಿ ಪೆಟ್ಟಿಗೆಯಲ್ಲಿಡುವುದು ಅಲ್ಲಿನ ಅನೇಕ ಗೃಹಿಣಿಯರಿಗೆ ಒಂದು ಅಭ್ಯಾಸವಾಯಿತು. ಇನ್ನೊಂದು ಬಗೆಯದು ಸರ್ಕಾರದ್ದು. ಬ್ರಿಟನ್ನಿನಲ್ಲಿ 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ ಮತ್ತು ಹಂದಿಮಾಂಸಕ್ಕೆ ಪಡಿತರ ಜಾರಿಗೆ ಬಂದು, ಕ್ರಮೇಣ ಇತರ ಪದಾರ್ಥಗಳಿಗೂ ಹಬ್ಬಿ, 1954ರವರೆಗೆ ನಡೆಯಿತು. ಪ್ರತಿಯೊಬ್ಬನಿಗೂ ಒಂದು ಪುಸ್ತಕ. ಅದರೊಳಗಿನ ಕೂಪನ್ನನ್ನು ಅಂಗಡಿಯವನು ಕತ್ತರಿಸಿಕೊಳ್ಳುತ್ತಿದ್ದ ಅಥವಾ ರದ್ದುಮಾಡುತ್ತಿದ್ದ. ಹೆಚ್ಚು ಕೊಳ್ಳಲೆಂದು ವ್ಯಾಪಾರಿ ತನ್ನ ಕೂಪನ್ನನ್ನು ಕೊಡುತ್ತಾನೆ. ಎಲ್ಲರಿಗೂ ಸಿಗಲೆಂದು ಸರ್ಕಾರ ಕೊಡುತ್ತದೆ. ಈ ವ್ಯತ್ಯಾಸವನ್ನು ಮರೆತವರು ಸೋಪಿನ ಪೊಟ್ಟಣದ ಮೇಲಿನ ಉಡುಗೊರೆಯನ್ನೂ ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಕರ್ನಾಟಕದಲ್ಲಿಯೂ 2016ರಲ್ಲಿ ಪಡಿತರಕ್ಕೆ ಕೂಪನ್ ಪದ್ಧತಿಯನ್ನು ತರಲಾಗಿತ್ತು. ಚೀಟಿದಾರರು ಮೊದಲು ಗೊತ್ತಾದ ಕೇಂದ್ರಕ್ಕೆ ಹೋಗಿ, ಬೆರಳಚ್ಚು ಕೊಟ್ಟು ಕೂಪನ್ ಪಡೆದು, ಆಮೇಲೆ ಅದನ್ನು ನ್ಯಾಯಬೆಲೆ ಅಂಗಡಿಗೆ ಒಪ್ಪಿಸಬೇಕಾಗಿತ್ತು. ಸುಳ್ಳು ಲೆಕ್ಕವನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಎರಡು ಸಾಲುಗಳಲ್ಲಿ ಎರಡು ಬಾರಿ ನಿಲ್ಲುವವನಿಗೆ ಕೂಲಿ ತಪ್ಪುತ್ತದೆ. ಆ ಪದ್ಧತಿ ಬಹುಕಾಲ ನಡೆಯಲಿಲ್ಲ. ಅಂಗಡಿಗಳಲ್ಲೇ ಬೆರಳಚ್ಚಿನ ಯಂತ್ರಗಳು ಬಂದವು. ಮುಂದೆ 2023ರ ಜುಲೈಯಿಂದ, ರಾಜ್ಯವು ಹೆಚ್ಚುವರಿಯಾಗಿ ಕೊಡಬೇಕೆಂದಿದ್ದ 5 ಕಿಲೋ ಅಕ್ಕಿ ದೊರೆಯದಿದ್ದ ಕಾರಣ, ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಗಳನ್ನು ಕುಟುಂಬದ ಮುಖ್ಯಸ್ಥರ ಬ್ಯಾಂಕು ಖಾತೆಗೆ ಹಾಕಲಾಗುತ್ತಿತ್ತು. 2025ರಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡುವ ನಿರ್ಧಾರವಾಯಿತು. ನಿಯಮಗಳು ಹೀಗೆ ಆಗಾಗ ಬದಲಾಗುವುದರಿಂದ ತಿಳಿದುಕೊಂಡ ಮನೆಗೂ ತಿಳಿಯದ ಮನೆಗೂ ಅಂತರ ಹೆಚ್ಚುತ್ತದೆ.

ಈ ಅಂತರ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಹನಗೋಡಿನ ಸುತ್ತಿನ ಯಾವುದಾದರೊಂದು ಹಳ್ಳಿಯಲ್ಲಿ ಐದು ಜನರ ಒಂದು ಮನೆಯಿದೆಯೆಂದು ಕಲ್ಪಿಸಿಕೊಳ್ಳೋಣ. ಅಜ್ಜಿ, ಆಕೆಯ ಮಗ, ಸೊಸೆ, ಇಬ್ಬರು ಮಕ್ಕಳು. ಹಿರಿಯ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ವರ್ಷದ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳನ್ನು ಹೊಲಿದು ಆಕೆ ಮನೆಯ ಲೆಕ್ಕ ಬರೆಯಲು ಆರಂಭಿಸಿದಳು. ತಾಯಿಗೆ ಮೊದಲು ನಗು ಬಂತು.

“ಬರೆದುಬಿಟ್ಟರೆ ಬೇಳೆಯ ಬೆಲೆ ಇಳಿಯುತ್ತದೆಯೇನೇ?” ಎಂದಳು.

“ಬೆಲೆ ಇಳಿಯುವುದಿಲ್ಲ ಕಣವ್ವ, ದುಡ್ಡು ಎಲ್ಲಿ ಹೋಯಿತೆಂದು ಗೊತ್ತಾಗುತ್ತದೆ” ಎಂದಳು ಮಗಳು.

ಒಂದು ತಿಂಗಳ ಲೆಕ್ಕ ಮುಗಿದಾಗ ಇಬ್ಬರಿಗೂ ಆಶ್ಚರ್ಯವಾಯಿತು. ದೊಡ್ಡ ಖರ್ಚುಗಳನ್ನು ಎಲ್ಲರೂ ನೆನಪಿನಲ್ಲಿಟ್ಟಿದ್ದರು. ನೆನಪಿನಲ್ಲಿ ಇರದಿದ್ದುದು ಹತ್ತು ರೂಪಾಯಿಯ ಪೊಟ್ಟಣಗಳು: ಚಹಾಪುಡಿ, ಕೊಬ್ಬರಿ ಎಣ್ಣೆ, ಬಟ್ಟೆ ಒಗೆಯುವ ಪುಡಿ. ಹತ್ತು ರೂಪಾಯಿಯ ಪೊಟ್ಟಣದಲ್ಲಿ 30 ಗ್ರಾಂ ಚಹಾಪುಡಿ ಇದೆಯೆಂದೂ, ಅರ್ಧ ಕಿಲೋ ಪೊಟ್ಟಣಕ್ಕೆ 130 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಅರ್ಧ ಕಿಲೋ ಪುಡಿಯನ್ನು ಚಿಕ್ಕ ಪೊಟ್ಟಣಗಳಲ್ಲಿ ಕೊಂಡರೆ ಸುಮಾರು 167 ರೂಪಾಯಿ ಆಗುತ್ತದೆ. ತಿಂಗಳಿಗೆ 37 ರೂಪಾಯಿ ಹೆಚ್ಚು. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ, ಗ್ರಾಂ ಅಥವಾ ಕಿಲೋಗ್ರಾಮಿಗೆ ಎಷ್ಟು ಬೀಳುತ್ತದೆಂಬ ಬೆಲೆಯನ್ನೂ ಅಚ್ಚುಮಾಡಬೇಕೆಂಬ ನಿಯಮ 2022ರಲ್ಲಿ ಜಾರಿಗೆ ಬಂದಿದೆ. ಅಕ್ಷರಗಳು ಸಣ್ಣವಾದರೂ ಓದುವ ಕಣ್ಣಿಗೆ ಕಾಣುತ್ತವೆ. ಗರಿಷ್ಠ ಬೆಲೆಯೆಂಬುದು ಮೇಲಿನ ಮಿತಿಯೇ ಹೊರತು ಅಷ್ಟೇ ಕೊಡಬೇಕೆಂಬ ಕಟ್ಟಳೆಯಲ್ಲ. ಅದಕ್ಕಿಂತ ಕಡಿಮೆಗೆ ಮಾರಲು ಅಂಗಡಿಯವನಿಗೆ ಅಡ್ಡಿಯಿಲ್ಲ, ಕೇಳಲು ಗಿರಾಕಿಗೂ ಸಂಕೋಚ ಬೇಕಾಗಿಲ್ಲ.

ಉದ್ದರಿಯ ಲೆಕ್ಕ ಇದಕ್ಕಿಂತ ದೊಡ್ಡದಾಗಿತ್ತು. ರೊಕ್ಕ ಕೊಟ್ಟು ಕೊಂಡರೆ 3,000 ರೂಪಾಯಿ ಆಗುವ ತಿಂಗಳ ದಿನಸಿಗೆ ಉದ್ದರಿಯಲ್ಲಿ ನೂರಕ್ಕೆ ಐದು ಹೆಚ್ಚು ಬೀಳುತ್ತದೆಂದು ಹಿಡಿದರೆ ತಿಂಗಳಿಗೆ 150 ರೂಪಾಯಿ. ಹರಾಜಿನ ಹಣ ಕೈಗೆ ಬರುವ ಮೊದಲಿನ ಒಂಬತ್ತು ತಿಂಗಳಿಗೆ 1,350 ರೂಪಾಯಿ. ಇನ್ನು ಪಡಿತರ. ಐದು ಜನರಿಗೆ 25 ಕಿಲೋ ಧಾನ್ಯ. ಅದನ್ನು ಅಂಗಡಿಯಲ್ಲಿ ಕಿಲೋಗೆ 40 ರೂಪಾಯಿಯಂತೆ ಕೊಳ್ಳುವುದಾದರೆ 1,000 ರೂಪಾಯಿ. ಒಂದು ತಿಂಗಳ ಪಡಿತರವನ್ನು ಆ ತಿಂಗಳಲ್ಲೇ ತರಬೇಕು. ತಪ್ಪಿದರೆ ಹೋದ ಪಾಲು ಹೋದಂತೆಯೇ. ಹೊಗೆಸೊಪ್ಪು ಮುರಿಯುವ ಕೆಲಸದ ನಡುವೆ ಹಿಂದಿನ ವರ್ಷ ಈ ಮನೆಯವರು ಅಂಥ ಒಂದು ತಿಂಗಳನ್ನು ತಪ್ಪಿಸಿಕೊಂಡಿದ್ದರು. ಹುಡುಗಿ ಭಾಗಾಕಾರ ಮಾಡಿ ನೋಡಿದಳು. ಚಹಾಪುಡಿಯಲ್ಲಿ ತಿಂಗಳಿಗೆ 37 ರೂಪಾಯಿಯಂತೆ ಉಳಿಸುತ್ತ ಹೋದರೆ ಆ ಒಂದು ತಿಂಗಳ ಪಡಿತರದ ನಷ್ಟ ತುಂಬಲು 27 ತಿಂಗಳು ಬೇಕು.

ಆ ಭಾಗಾಕಾರದ ನಂತರ ಮನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಖಾಲಿಯಾಯಿತು. ಪಡಿತರ ಚೀಟಿ, ಎಲ್ಲರ ಆಧಾರ್ ಚೀಟಿಗಳು, ಅಜ್ಜಿಯ ಬ್ಯಾಂಕಿನ ಪುಸ್ತಕ ಅದರೊಳಗೆ ಸೇರಿದವು. ಮುಂಚೆ ಇವು ಒಂದು ಗೋಡೆಯ ಗೂಡಿನಲ್ಲಿ, ಇನ್ನೊಂದು ಪೆಟ್ಟಿಗೆಯ ತಳದಲ್ಲಿ, ಮತ್ತೊಂದು ಯಾರದೋ ಅಂಗಿಯ ಜೇಬಿನಲ್ಲಿ ಇರುತ್ತಿದ್ದವು. ಅಂಗಡಿಯ ಮುಂದೆ ನಿಂತ ಮೇಲೆ ಒಂದಿಲ್ಲವೆಂದು ನೆನಪಾಗುತ್ತಿತ್ತು. ಕ್ಯಾಲೆಂಡರಿನಲ್ಲಿ ಪಡಿತರ ಕೊಡುವ ದಿನಗಳಿಗೆ ಗುರುತು ಬಿತ್ತು. ಯಾರು ಹೋಗಬೇಕು, ಎರಡು ಚೀಲಗಳು ಎಲ್ಲಿವೆ ಎಂಬುದು ಹಿಂದಿನ ರಾತ್ರಿಯೇ ಗೊತ್ತಾಗತೊಡಗಿತು. ತೂಕವನ್ನು ನಿಂತು ನೋಡುವುದು, ರಸೀದಿಯನ್ನು ಕೇಳಿ ಪಡೆದು ಪುಸ್ತಕಕ್ಕೆ ಅಂಟಿಸುವುದು ಮಗಳ ಪಾಲಿನ ಕೆಲಸ. ಕೆಲವರು ಪಡಿತರದ ಅಕ್ಕಿಯನ್ನು ದಲ್ಲಾಳಿಗೆ ಅಗ್ಗಕ್ಕೆ ಮಾರಿ ಮರುವಾರ ಅಂಗಡಿಯಲ್ಲಿ ದುಬಾರಿ ಅಕ್ಕಿ ಕೊಳ್ಳುವುದುಂಟು. ಅದು ಅಪರಾಧವೆಂಬುದು ಒಂದು ಮಾತು. ಮನೆಯ ಲೆಕ್ಕದಲ್ಲೂ ಅದು ನಷ್ಟವೇ. ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಕೊಡಗಿಗೆ ಕೂಲಿಗೆ ಹೋಗುವವರು ಊರಿನ ಪಡಿತರ ತಪ್ಪಿತೆಂದು ಸುಮ್ಮನಿರಬೇಕಾಗಿಲ್ಲ. ರಾಜ್ಯದೊಳಗೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯುವ ಅನುಕೂಲವಿದೆ. 2019ರಲ್ಲಿ ಆರಂಭವಾದ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯು ಈ ಅನುಕೂಲವನ್ನು ರಾಜ್ಯಗಳ ಗಡಿಯಾಚೆಗೂ ವಿಸ್ತರಿಸಿತು.

ವ್ಯಾಪಾರಿಯ ಕೂಪನ್ನುಗಳ ವಿಷಯದಲ್ಲಿ ಅಜ್ಜಿಯ ತೀರ್ಮಾನ ಚಿಕ್ಕದಾಗಿತ್ತು. ಎರಡು ಸೋಪು ಕೊಂಡರೆ ಒಂದು ಬಿಟ್ಟಿಯೆಂದರೆ ಕೊಳ್ಳಬಹುದು, ಸೋಪು ಕೆಡುವುದಿಲ್ಲ. ಎರಡು ಪೊಟ್ಟಣ ಬಿಸ್ಕತ್ತಿಗೆ ಒಂದು ಬಿಟ್ಟಿಯೆಂದರೆ ಬೇಡ, ಮೂರೂ ಅದೇ ಸಂಜೆ ಮುಗಿಯುತ್ತವೆ. ಅರ್ಥಶಾಸ್ತ್ರದ ಪುಸ್ತಕಗಳು ಇದನ್ನು ಇನ್ನೂ ಉದ್ದವಾಗಿ ಹೇಳುತ್ತವೆ.

ಅಜ್ಜಿಯ ಕಾಲದ ಒಂದು ಪದ್ಧತಿಯನ್ನೂ ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು. ಬೇಸಗೆ ಕಾಲಿಡುವ ಹೊತ್ತಿಗೆ ಹೊಸ ಹುಣಸೆಹಣ್ಣೂ ಒಣಮೆಣಸಿನಕಾಯಿಯೂ ಸಂತೆಗೆ ರಾಶಿಯಾಗಿ ಬರುತ್ತವೆ. ಆಗ ವರ್ಷಕ್ಕೆ ಬೇಕಾದಷ್ಟನ್ನು ಕೊಂಡು, ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರೆಸಿ ಮಡಕೆಯಲ್ಲಿ ಅದುಮಿಟ್ಟು, ಮೆಣಸಿನಕಾಯಿಯನ್ನು ಗರಿಗರಿಯಾಗುವಂತೆ ಒಣಗಿಸಿ ಇಟ್ಟರೆ ಮಳೆಗಾಲದ ದುಬಾರಿ ಬೆಲೆ ತಟ್ಟದು. ಹರಾಜಿನ ಹಣದಲ್ಲಿ ಕೊನೆಯ ಕಂತು ಬರುವುದೂ ಹೆಚ್ಚುಕಡಿಮೆ ಆ ಸಮಯದಲ್ಲೇ. ಹಣವಿರುವ ತಿಂಗಳೂ ಪದಾರ್ಥ ಅಗ್ಗವಾಗಿರುವ ತಿಂಗಳೂ ಕೂಡಿಬರುವುದು ಅಪರೂಪ, ಕೂಡಿಬಂದಾಗ ಬಿಡಬಾರದು. ಆದರೆ ಹಣ ಬಂದ ವಾರದಲ್ಲೇ ಸಾಲಗಾರರೂ ಬರುತ್ತಾರೆ, ಜಾತ್ರೆಯೂ ಬರುತ್ತದೆ, ಮದುವೆಯ ಕರೆಯೋಲೆಗಳೂ ಬರುತ್ತವೆ. ಹುಣಸೆಹಣ್ಣಿನ ಹಣವನ್ನು ಮೊದಲೇ ತೆಗೆದಿಡದ ಮನೆಯಲ್ಲಿ ಅದು ಕೊನೆಗೆ ಉಳಿಯುವುದಿಲ್ಲ.

ಹೀಗೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಅರ್ಧ ಕಿಲೋ ಪೊಟ್ಟಣ ಅಗ್ಗವೆಂಬುದು ಬಡವನಿಗೂ ಗೊತ್ತು. ಕೂಲಿ ಮುಗಿಸಿ ಬಂದ ಸಂಜೆ ಕೈಯಲ್ಲಿ ಇರುವುದು ಆ ದಿನದ ಹಣ ಮಾತ್ರ. ಅದರಲ್ಲಿ 130 ರೂಪಾಯಿಗಳನ್ನು ಚಹಾಪುಡಿಗೇ ಕೊಟ್ಟರೆ ಉಳಿದುದಕ್ಕೆ ಏನು ಮಾಡಬೇಕು? ಅವನು ದುಬಾರಿ ಪೊಟ್ಟಣವನ್ನು ಕೊಳ್ಳುವುದು ಅಜ್ಞಾನದಿಂದಲ್ಲ, ಬಂಡವಾಳವಿಲ್ಲದ್ದರಿಂದ. ಒಬ್ಬೊಬ್ಬರ ಜಾಣತನ ಇಲ್ಲಿ ಸಾಲುವುದಿಲ್ಲ. ಹತ್ತು ಮಂದಿ ಕೂಡಬೇಕು.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರ ಡಿಸೆಂಬರಿನಲ್ಲಿ 28 ಮಂದಿ ಹೀಗೆ ಕೂಡಿದರು. ಅವರಲ್ಲಿ ಹಲವರು ನೇಕಾರರು. ತಲಾ ಒಂದು ಪೌಂಡನ್ನು ಕೂಡಿಟ್ಟು ಒಂದು ಚಿಕ್ಕ ಅಂಗಡಿ ತೆರೆದಾಗ ಅದರಲ್ಲಿ ಇದ್ದುದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಅಷ್ಟೇ ಎನ್ನಬಹುದು. ಅವರ ನಿಯಮಗಳು ಕಠಿಣವಾಗಿದ್ದವು. ಕಲಬೆರಕೆ ಕೂಡದು, ತೂಕದಲ್ಲಿ ಮೋಸ ಕೂಡದು, ಉದ್ದರಿ ಕೂಡದು. ಬಂದ ಲಾಭವನ್ನು ವರ್ಷದುದ್ದಕ್ಕೂ ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಅವರಿಗೇ ಹಿಂದಿರುಗಿಸುತ್ತಿದ್ದರು. ಕೊಂಡವನಿಗೇ ಲಾಭ ಮರಳುವ ಈ ಏರ್ಪಾಡು ಜಗತ್ತಿನ ಗ್ರಾಹಕ ಸಹಕಾರ ಸಂಘಗಳಿಗೆಲ್ಲ ಮಾದರಿಯಾಯಿತು. ನಮ್ಮ ನಾಡಿನಲ್ಲಿ ಸಹಕಾರ ಚಳವಳಿಯ ಮೊದಲ ಹೆಜ್ಜೆ ಸಾಲದ ಕ್ಷೇತ್ರದಲ್ಲಿ ಬಿತ್ತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘ ಅದಕ್ಕೆ ಸಾಕ್ಷಿ. 1912ರ ಕಾಯಿದೆಯಿಂದ ಸಾಲವಲ್ಲದ ಇತರ ಉದ್ದೇಶಗಳಿಗೂ ಸಂಘಗಳನ್ನು ಕಟ್ಟುವ ದಾರಿ ತೆರೆಯಿತು. ಇಂದು ಅನೇಕ ಹಳ್ಳಿಗಳಲ್ಲಿ ನ್ಯಾಯಬೆಲೆ ಅಂಗಡಿಯನ್ನು ನಡೆಸುವುದು ಅಲ್ಲಿನ ವ್ಯವಸಾಯ ಸೇವಾ ಸಹಕಾರ ಸಂಘವೇ.

ದೊಡ್ಡ ಸಂಘಗಳು ಎಲ್ಲ ಕಡೆಯೂ ಬಾಳಲಿಲ್ಲ. ಟಿಬೆಟ್ಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಗೆ ಹೆಗ್ಗಡದೇವನಕೋಟೆಯೂ ಒಂದು ಕಾರ್ಯಕ್ಷೇತ್ರವಾಗಿತ್ತು. 1980ರ ದಶಕದ ನಡುವಿನಲ್ಲಿ, ಆ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಅವುಗಳ ಸದಸ್ಯರು ಪರಸ್ಪರ ನಂಬಿಕೆಯುಳ್ಳ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ ಉಳಿತಾಯ ಮಾಡತೊಡಗಿದರು. ಇಂಥ ಗುಂಪುಗಳ ಅನುಭವವೇ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆಗೆ ನಬಾರ್ಡ್ ಬ್ಯಾಂಕಿಗೆ ಆಧಾರವಾಯಿತು. 2000ದಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಸಂಘವಿಲ್ಲದ ಹಳ್ಳಿ ಅಪರೂಪವಾಯಿತು.

ಮೇಲೆ ಹೇಳಿದ ಮನೆಯ ಸೊಸೆಯೂ ಅಂಥ ಒಂದು ಸಂಘದ ಸದಸ್ಯೆಯೆಂದು ಭಾವಿಸೋಣ. ಹತ್ತು ಮಂದಿ ಸೇರಿ 50 ಕಿಲೋ ಸಕ್ಕರೆಯ ಒಂದು ಮೂಟೆ ತರಿಸಿದರು. ಬಿಡಿಯಾಗಿ ಕೊಂಡರೆ ಕಿಲೋಗೆ 45 ರೂಪಾಯಿ, ಮೂಟೆಯ ಲೆಕ್ಕದಲ್ಲಿ 41. ಉಳಿದದ್ದು 200 ರೂಪಾಯಿ. ಅದರಲ್ಲಿ ಸಾಗಾಣಿಕೆಗೆ 50 ಹೋಯಿತು. ತಲಾ ಉಳಿದದ್ದು 15 ರೂಪಾಯಿ. ತೂಗಿ ಹಂಚುವುದಕ್ಕೆ ಒಂದು ಸಂಜೆ ಪೂರ್ತಿ ಹಿಡಿದದ್ದರಿಂದ ಇಬ್ಬರು ಹೆಂಗಸರು ಬೇಸರಗೊಂಡರು. ಅವರ ಬೇಸರ ನ್ಯಾಯವಾದದ್ದೇ. ಮುಂದಿನ ತಿಂಗಳು ಅದೇ ಗಾಡಿಯಲ್ಲಿ ಬೇಳೆ, ಎಣ್ಣೆ, ಚಹಾಪುಡಿಗಳನ್ನೂ ತರಿಸಿದರು. ಬೇಳೆಯಲ್ಲಿ ಉಳಿತಾಯ ಹೆಚ್ಚು, ಸಾಗಾಣಿಕೆ ಅಷ್ಟೇ. ಒಬ್ಬಳು ತೂಗಬೇಕು, ಇನ್ನೊಬ್ಬಳು ಬರೆಯಬೇಕು, ಮುಂಗಡ ಕೊಡದವರಿಗೆ ಪದಾರ್ಥವಿಲ್ಲ ಎಂದು ಕಟ್ಟುಮಾಡಿಕೊಂಡರು. ಮುಂಗಡ ಕೊಡಲಾಗದವಳಿಗೆ ಸಂಘದ ಉಳಿತಾಯದಿಂದಲೇ ಸಣ್ಣ ಸಾಲ. ಅದರ ಬಡ್ಡಿ ಎಷ್ಟೆಂಬುದು ಎಲ್ಲರ ಮುಂದೆ ಪುಸ್ತಕದಲ್ಲಿ ಬರೆದಿರುತ್ತದೆ. ಬೇಳೆಯ ಬೆಲೆಯಲ್ಲಿ ಅಡಗಿ ಕುಳಿತಿದ್ದ ಬಡ್ಡಿ ಹೀಗೆ ಹೊರಗೆ ಬಂದಿತು. ಅಂಗಡಿಯೊಡನೆ ಅವರು ಜಗಳ ಕಾಯಲಿಲ್ಲ. ಮಳೆಗಾಲದ ರಾತ್ರಿ ಒಂದು ಮೇಣದಬತ್ತಿ ಬೇಕಾದರೆ ಅದೇ ಅಂಗಡಿಯ ಬಾಗಿಲನ್ನು ತಟ್ಟಬೇಕು.

ಪಡಿತರದ ದಿನ ಬಂದಿತು. ಚೀಟಿಯಲ್ಲಿ ಮುಖ್ಯಸ್ಥೆಯ ಹೆಸರು ತನ್ನದೆಂಬ ಹೆಮ್ಮೆಯಿಂದ ಅಜ್ಜಿ ಮೊಮ್ಮಗಳ ಜೊತೆಗೆ ತಾನೇ ಹೊರಟಳು. ಯಂತ್ರದ ಗಾಜಿನ ಮೇಲೆ ಹೆಬ್ಬೆರಳಿಟ್ಟಾಗ ಗುರುತು ಮೂಡಲಿಲ್ಲ. ಬೆರಳನ್ನು ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು, ಆಗಲೂ ಇಲ್ಲ. ಅರವತ್ತು ವರ್ಷ ಕಳೆ ಕಿತ್ತು, ರಾಗಿ ಬೀಸಿ, ಹೊಗೆಸೊಪ್ಪಿನ ಅಂಟಿನಲ್ಲಿ ಕೈಯಾಡಿಸಿದ ಬೆರಳುಗಳಲ್ಲಿ ಗೆರೆಗಳು ಸವೆದುಹೋಗಿದ್ದವು. ಚೀಟಿಯಲ್ಲಿ ಹೆಸರಿರುವ ಯಾರ ಬೆರಳಾದರೂ ಆಗುತ್ತದೆಂಬುದನ್ನು ಹುಡುಗಿ ಮೊದಲೇ ಕೇಳಿ ತಿಳಿದಿದ್ದಳು. ಆಕೆ ಮುಂದೆ ಬಂದು ತನ್ನ ಹೆಬ್ಬೆರಳನ್ನು ಇಟ್ಟಳು. ಯಂತ್ರ ರಸೀದಿಯನ್ನು ಹೊರಗೆ ಹಾಕಿತು. ಅಜ್ಜಿ ತಕ್ಕಡಿಯ ಬಳಿಗೆ ಸರಿದು, ಚೀಲದ ಬಾಯಿ ಬಿಡಿಸಿ, ರಾಗಿಯೊಳಗೆ ಮೊಳಕೈವರೆಗೆ ಕೈ ಇಳಿಸಿ ನೋಡಿದಳು.